ಮೂರನೇ ಹಾಡಿನ ನಗು

ಮನೆಯಿಂದ, ಹಿಂದಿನ ಕೋಣೆ
ತಾರೀಖು ಹದಿನಾಲ್ಕು, ಮಂಗಳವಾರ ಬೆಳಗ್ಗೆ

ನನ್ನ ಮುದ್ದಿನ ತಂಗೀ,

ಹೇಗಿದ್ದೀಯೇ? ಗಂಟಲಿಗೆ ತಣ್ಣೀರು ತಾಗಿಸ್ತಿಲ್ಲ ತಾನೇ? ಡಾಕ್ಟರು ಕೊಟ್ಟ ಪಟ್ಟಿಯನ್ನ ಮಂಡಿಗೆ ಕಟ್ಟಿಕೋ, ಅಲಮಾರಿಯಲ್ಲಿ ಜೋಪಾನ ಮಾಡಬೇಡ. ನನಗೆ ಬಲಗಣ್ಣು ಮಂಜು, ಎಡಗಿವಿ ಮಂದ. ಬಾಯಿಗೆ ಮಾತ್ರ ಏನೂ ಆಗಿಲ್ಲ ಅಂತ ಮೊಮ್ಮಗಳು ಕಂಡಕಂಡವರಿಗೆಲ್ಲ ಹೇಳಿಕೊಂಡು ಬರ್ತಾಳೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳ ಕಾಗದ ಇದು, ತಪ್ಪಿದ್ದರೆ ತಿದ್ದಿಕೊಂಡು ಓದು. ಫೋನ್ ಮಾಡಿದರೆ ನೀನು ಮಧ್ಯೆ ಬಾಯಿ ಹಾಕ್ತೀಯ. ಕಾಗದದ ಮುಂದೆ ನಿನ್ನ ಆಟ ನಡೆಯೋದಿಲ್ಲ.

"ಹಳೇ ಕ್ಯಾಸೆಟ್ಟಿನ ಎಂಟು ಹಾಡನ್ನೂ ಹೊಸದಾಗಿ ಹಾಡಿದ್ದೀನಿ, ಕೇಳಿ ಎರಡು ಒಳ್ಳೇ ಮಾತು ಬರೆದು ಕಳಿಸು ಅಕ್ಕಾ, ರಕ್ಷಾಪುಟದ ಮೇಲೆ ಅಚ್ಚು ಹಾಕಿಸ್ತೀನಿ" ಅಂದಿದ್ದೆಯಲ್ಲ. ಕೇಳಿದೆ. ಮೊಮ್ಮಗಳು ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದವಳೇ ಫೋನು ತಂದು, ನನ್ನ ಎರಡೂ ಕಿವಿಗೆ ಎರಡು ಗುಂಡು ತುರುಕಿ, "ಅಜ್ಜೀ, ಚಿಕ್ಕಜ್ಜಿ ದನಿ ಎಷ್ಟು ಕ್ಲಿಯರ್ ಆಗಿದೆ ನೋಡು" ಅಂದಳು. ಕ್ಲಿಯರ್ರೇನೋ ಹೌದು. ಫಿನಾಯ್ಲು ಹಾಕಿ ಉಜ್ಜಿದ ಆಸ್ಪತ್ರೆ ನೆಲದ ಹಾಗಿದೆ. ಆಣೆಗೂ ಹೇಳ್ತೀನಿ, ಮೊದಲನೇ ಹಾಡು ಮುಗಿದದ್ದೇ ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದೆ. ಅಷ್ಟೊಂದು ಪಿಟೀಲು ಯಾಕೇ? ಒಂದು ಹಾಡಿಗೆ ಒಂದು ದಂಡು ಕರೆಸಿದ್ದೀಯ. ತಾಳವೋ, ಗೋಡೆ ಗಡಿಯಾರ ನುಂಗಿದವನು ಬಾರಿಸಿದ ಹಾಗಿದೆ. ಅರವತ್ತಾರು ವರ್ಷದ ನಿನ್ನ ದನಿಯನ್ನ ಯಾವುದೋ ಯಂತ್ರಕ್ಕೆ ಹಾಕಿ ಇಸ್ತ್ರಿ ಮಾಡಿಸಿದ್ದೀಯ, ಒಂದು ಸುಕ್ಕಿಲ್ಲ. ನಿನಗೆ ಬಂದಿರೋ ಸುಕ್ಕಿಗೆ ಏನು ಕಡಿಮೆ ಆಗಿತ್ತು?

ಹಳೇದು ಎಲ್ಲಿ ಹುಟ್ಟಿತ್ತು, ಮರೆತೆಯಾ? ನಿನ್ನ ಭಾವನ ದರ್ಜಿ ಅಂಗಡಿಯ ಹಿಂದಿನ ಕೋಣೆಯಲ್ಲಿ, ಅಂಗಡಿಗೆ ರಜ ಇದ್ದ ಮೂರು ದಿನ. ದನಿ ಗೋಡೆಗೆ ಬಡಿದು ವಾಪಸ್ ಬರಬಾರದು ಅಂತ ಗಿರಾಕಿಗಳ ಕೋಟೆಲ್ಲ ಸುತ್ತ ನೇತುಹಾಕಿದ್ದರು. ನೀನು ಆ ಕೋಟುಗಳ ನಡುವೆ ಕಳ್ಳಿ ಹಾಗೆ ನಿಂತು ಹಾಡಿದ್ದು. ಇವರು ಕತ್ತರಿಯ ಹಿಡಿಯಿಂದ ಮೇಜು ತಟ್ಟಿ ತಾಳ ಹಾಕಿದ್ದು. ರಜ ಅಂದರೂ ಕೈ ಸುಮ್ಮನಿರದೆ ಯಾರದೋ ಕೋಟಿಗೆ ತೋಳು ಕೂಡಿಸ್ತಾ, ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡಿದ್ದರು. ಮೂರನೇ ಹಾಡಿನ ಎರಡನೇ ನುಡಿಯಲ್ಲಿ ನೀನು ಸಾಲು ಮರೆತು ತಡವರಿಸಿದೆ. ಸೂಜಿ ಕಚ್ಚಿದ ಬಾಯಲ್ಲಿ ಮಾತು ಹೊರಡೋದು ಹೇಗೆ? ಮೂಗಲ್ಲೇ ಹೂಂ ಹೂಂ ಅಂತ ಆ ಸಾಲಿನ ರಾಗ ಗುನುಗಿದರು. ನೀನು ಕಿಸಕ್ಕನೆ ನಕ್ಕು, ಆ ನಗುವಿನ ಬಾಲ ಹಿಡಿದೇ ಮುಂದಿನ ಸಾಲು ಎತ್ತಿದೆ. ಕ್ಯಾಸೆಟ್ ಕಂಪನಿಯವನು ಅದನ್ನ ತೆಗೀತೀನಿ ಅಂದಾಗ, "ಭಾವನ ಗುನುಗು ತೆಗೆದರೆ ನನ್ನ ಹಾಡೂ ತೆಗೀರಿ" ಅಂದವಳು ನೀನೇ. ಆಮೇಲೆ ಕ್ಷೌರದ ಅಂಗಡಿಯಲ್ಲಿ, ಬಸ್ಸಲ್ಲಿ, ಎಲ್ಲಿ ಹೋದರೂ ಜನ ಕಾದು ಕೂತು ಕೇಳ್ತಿದ್ದದ್ದು ಅದನ್ನೇ.

ಈಗಿನ ಮೂರನೇ ಹಾಡಿಗೆ ಬರ್ತೀನಿ. ಎರಡನೇ ನುಡಿ ಬಂತು. ನಾನು ಸೆರಗು ಬಿಗಿಹಿಡಿದು ಕೂತೆ. ಸಾಲು ಮರೆಯಲಿಲ್ಲ, ಯಾರೂ ಗುನುಗಲಿಲ್ಲ, ಆದರೂ ಸರಿಯಾಗಿ ಅದೇ ಜಾಗದಲ್ಲಿ ನೀನು ಕಿಸಕ್ಕಂದೆ! ಥೂ! ಯಾರೇ ನಗಿಸಿದರು ನಿನ್ನ? ಗಾಜಿನ ಕೋಣೆಯಲ್ಲಿ ಒಬ್ಬಳೇ ನಿಂತು, ಜನ ಕೇಳ್ತಾರೆ ಅಂತ, ಅಳತೆ ತೆಗೆದು ಹೊಲಿಸಿದ ನಗು. ಎಷ್ಟು ಸಲ ನಕ್ಕು ಒಂದನ್ನ ಆರಿಸಿದೆ? ಕಿವಿಯ ಗುಂಡು ಕಿತ್ತು ಬಿಸಾಕಿದೆ. ಅದು ಮಂಚದ ಕೆಳಗೆ ಉರುಳಿ, ಮೊಮ್ಮಗಳು ಪೊರಕೆ ಹಿಡಿದು ಹುಡುಕಿದಳು. ನೀನು ಕೆಟ್ಟದಾಗಿ ಹಾಡಿದ್ದರೆ ವಯಸ್ಸಾಯ್ತು ಪಾಪ ಅಂತ ಸುಮ್ಮನಿರ್ತಿದ್ದೆ. ನನಗೆ ಹೇಸಿಗೆ ಆಗಿದ್ದು ಆ ನಗುವಿಗೆ.

ಸುಳ್ಳು ಯಾಕೆ ಹೇಳಲಿ, ಏಳನೇ ಹಾಡಿನ ಕೊನೇಲಿ ದನಿ ಇಳಿಸ್ತೀಯಲ್ಲ, ಅಲ್ಲಿ ಯಂತ್ರದವನು ತೂಕಡಿಸಿದ್ದನೋ ಏನೋ, ನಿನ್ನ ನಿಜವಾದ ಮುದಿ ದನಿ ಒಂದು ಗುಟುಕು ಉಳಿದಿದೆ. ಅಲ್ಲಿ ನಮ್ಮಮ್ಮ ಕೂಗಿದ ಹಾಗಾಯ್ತು. ಇಡೀ ಎಂಟನ್ನೂ ಹಾಗೇ ಹಾಡಿದ್ದರೆ ಕಾಲಿಗೆ ಬೀಳ್ತಿದ್ದೆ, ಅಕ್ಕ ಅನ್ನೋದನ್ನೂ ನೋಡ್ತಿರಲಿಲ್ಲ. ಎರಡು ಮಾತು ಬೇಕಂದೆಯಲ್ಲ, ಬರಕೋ: ಕಸೂತಿ ಚೆನ್ನಾಗಿದೆ, ಒಳಗೆ ಮೈ ಇಲ್ಲ. ಅಚ್ಚು ಹಾಕಿಸೋ ಧೈರ್ಯ ಇದ್ದರೆ ಹಾಕಿಸು.

ಬೈದೆ ಅಂತ ಊಟ ಬಿಡಬೇಡ. ನಿನ್ನ ಗಂಡನಿಗೆ ಕೇಳಿದೆ ಅಂತ ಹೇಳು. ನೂರು ವರ್ಷ ಹಾಡು, ಆದರೆ ನಿನ್ನ ಗಂಟಲಲ್ಲಿ ಹಾಡು.

ನಿನ್ನ ಜಡೆ ಹೆಣೆದು, ಅದೇ ಜಡೆ ಎಳೆದವಳು,
ಅಕ್ಕ

ಮತ್ತೆ: ಮೊಮ್ಮಗಳು ಅಂಚೆಚೀಟಿ ಅಂಟಿಸೋಕೆ ಕಾಯ್ತಿದ್ದಾಳೆ, ಬೇಗ ಬರೀತೀನಿ. ನನ್ನ ಹತ್ತಿರ ಇದ್ದ ಹಳೇ ಕ್ಯಾಸೆಟ್ಟು ಹೋಯ್ತು ಕಣೇ. ಇವರು ಹೋದ ಮೇಲೆ ಆ ಗುನುಗೊಂದನ್ನೇ ಹಿಂದೆ ತಿರುಗಿಸಿ ತಿರುಗಿಸಿ ಕೇಳ್ತಿದ್ದೆ, ಸವೆದು ಅಲ್ಲೇ ತುಂಡಾಯ್ತು. ದರ್ಜಿ ಹೆಂಡತಿಯ ಬುದ್ಧಿ ಇನ್ನೆಲ್ಲಿಗೆ ಹೋಗುತ್ತೆ? ಸಣ್ಣ ಸೂಜಿ, ಒಂಟಿ ದಾರ ಹಾಕಿ ಆ ಕಂದು ಪಟ್ಟಿಯನ್ನ ಹೊಲಿದೆ. ಟೇಪ್ ರೆಕಾರ್ಡರಿನ ಗುಂಡಿ ಒತ್ತಿದ್ದೇ ದಾರ ಒಳಗೆ ಸಿಕ್ಕಿ, ಗೇಣುದ್ದ ಪಟ್ಟಿ ಜಗಿದು ಹೋಯ್ತು. ಇವರಿದ್ದದ್ದು ಆ ಗೇಣಿನಲ್ಲೇ. ಫೋನಲ್ಲೂ ಹಳೇದು ಈಗ ಇಲ್ಲ, ನೀನೇ ತೆಗೆಸಿದೆಯಂತೆ. ಹೊಸದರಲ್ಲಾದರೂ ಇವರನ್ನ ಉಳಿಸಿರ್ತೀಯ ಅಂತ ಆಸೆಯಿಂದ ಕೂತಿದ್ದೆ. ಮುಂದಿನ ತಿಂಗಳು ಮನೆಗೆ ಬಣ್ಣ ಹೊಡೆಸುವಾಗ ಹಳೇ ಕ್ಯಾಸೆಟ್ಟಿನ ಪೆಟ್ಟಿಗೆ ಗುಜರಿಗೆ ಹಾಕ್ತೀನಿ ಅಂದಿದ್ದೆಯಲ್ಲ, ಹಾಕಬೇಡ. ಶನಿವಾರ ನಾನೇ ಬರ್ತೀನಿ. ಅಲ್ಲೀವರೆಗೆ ಗುಜರಿಯವನಿಗೆ ಬಾಗಿಲು ತೆಗೀಬೇಡ.