ಕೆಜಾಯಾಗೆ ಯಾರೂ ಹೇಳಲಿಲ್ಲ

ಬ್ರೂಕ್ಲಿನ್
ಏಪ್ರಿಲ್ ೧೨, ಭಾನುವಾರ

ಮುದ್ದಿನ ಮಗಳು ಶರೀಸ್‌ಗೆ,

ಹೇಗಿದ್ದೀಯೆ? ಹಡಗಿನ ಅಡುಗೆ ನಾಲಿಗೆಗೆ ಹಿಡಿಸಿತೇ? ನಿನ್ನ ಬೆನ್ನುನೋವು ಕಡಿಮೆಯಾಯಿತೆಂದು ನೀನು ಬರೆದಿದ್ದೆ. ನೌಕಾಪಡೆಯವರ ಮಾತ್ರೆ ನಂಬಿಕೊಂಡು ಭಾರ ಎತ್ತಬೇಡ. ನನ್ನ ಮಂಡಿನೋವು ಹಾಗೇ ಇದೆ, ನಾನೂ ಹಾಗೇ ಇದ್ದೇನೆ.

ನಿನ್ನ ಮಗಳು ಡೆಲ್ಫಿನ್‌ಗೆ ಆ ದೊಡ್ಡ ಸರ್ಕಾರಿ ಹೈಸ್ಕೂಲಿನ ಪ್ರವೇಶ ಪರೀಕ್ಷೆಯಲ್ಲಿ ಸೀಟು ಸಿಕ್ಕಿದ್ದು ಫೋನಿನಲ್ಲಿ ಹೇಳಿದ್ದೆ. ಹೊಸ ಮಕ್ಕಳನ್ನು ನಿನ್ನೆ ಶಾಲೆ ನೋಡಲು ಕರೆದಿದ್ದರು. ಬಾಗಿಲಲ್ಲಿ ಒಬ್ಬ ಬಿಳಿಯ ಹೆಂಗಸು, ನಗುಮುಖದವಳೇ, ನಮ್ಮ ಮೈಬಣ್ಣ ನೋಡಿ, "ಬ್ಯಾಸ್ಕೆಟ್‌ಬಾಲ್ ಶಿಬಿರ ಪಕ್ಕದ ಕಟ್ಟಡದಲ್ಲಿ ಕಣಮ್ಮ" ಎಂದಳು. ಡೆಲ್ಫಿನ್ ಥೇಟ್ ನಿನ್ನ ಹಾಗೇ. "ನಂಗೆ ಬಾಲ್ ಹಿಡಿಯೋಕೇ ಬರಲ್ಲ ಮೇಡಂ. ಓದೋಕೆ ಬಂದಿದೀನಿ" ಎಂದಳು. ನನಗೆ ನಗುವೂ ಬಂತು, ಸಿಟ್ಟೂ ಬಂತು. ಒಳಗೆ ಸಭಾಂಗಣ ಕಿಕ್ಕಿರಿದಿತ್ತು. ಆದರೆ ನಮ್ಮ ಕಪ್ಪು ಮಕ್ಕಳನ್ನೆಲ್ಲ ಒಂದೇ ಬೆಂಚಿನ ಮೇಲೆ ಕೂರಿಸಬಹುದಿತ್ತು, ಅಷ್ಟು ಕಡಿಮೆ. ನಾವೂ ತೆರಿಗೆ ಕಟ್ಟುವ ಊರಿನ ಶಾಲೆಯಲ್ಲವೇ ಅದು?

ಮನೆಗೆ ಬಂದವಳು ಊಟ ಮುಟ್ಟಲಿಲ್ಲ, ಆ ಶಾಲೆಗೆ ಹೋಗುವುದಿಲ್ಲವೆಂದು ಕೂತಳು. ಹೆಂಗಸಿನ ಮಾತಿಗೆ ನೊಂದಳೆಂದುಕೊಂಡೆ. ಅದಲ್ಲ. ಕೆಳಮನೆಯ ಕೆಜಾಯಾ ಇದ್ದಾಳಲ್ಲ, ಇವಳ ತರಗತಿಯವಳೇ, ಆ ಹುಡುಗಿಯ ಚಿಂತೆ ಇವಳಿಗೆ. "ಅಜ್ಜಿ, ನಂಗೆ ಲೆಕ್ಕ ಹೇಳ್ಕೊಟ್ಟಿದ್ದೇ ಅವಳು. ಪರೀಕ್ಷೆ ಇದೆ ಅಂತ ಅವಳಿಗೆ ಯಾರೂ ಹೇಳ್ಲೇ ಇಲ್ಲ" ಎಂದು ಅತ್ತಳು. ನಿಜವೇ. ನಮ್ಮ ಬೀದಿಯ ಶಾಲೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಹೆಸರು ಕೊಡುವ ಕೊನೆಯ ದಿನ ಚರ್ಚಿನಲ್ಲಿ ಗೆಳತಿ ಹ್ಯಾಟಿ ಹೇಳಿದ್ದಕ್ಕೆ ನಾನು ಓಡಿದೆ. ಕೆಜಾಯಾಗೆ ತಿಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬೇರೆ ಬಡಾವಣೆಗಳಲ್ಲಿ ಮಕ್ಕಳನ್ನು ವರ್ಷಗಟ್ಟಲೆ ಮೊದಲೇ ಇದಕ್ಕೆಂದೇ ಟ್ಯೂಷನ್ನಿಗೆ ಹಾಕುತ್ತಾರಂತೆ.

ಇವತ್ತು ಬೆಳಿಗ್ಗೆ ಕೆಜಾಯಾ ತಾನೇ ಮೇಲೆ ಬಂದಳು. ಡೆಲ್ಫಿನ್ ಹೇಳಿದ್ದನ್ನೆಲ್ಲ ಕೇಳಿ, "ಹೋಗೇ ಹುಚ್ಚಿ! ನೀನೂ ಹೋಗ್ದಿದ್ರೆ ನಮ್ಮೋರಿಗೆ ಬೆಂಚಲ್ಲ, ಸ್ಟೂಲೇ ಸಾಕಾಗುತ್ತೆ" ಎಂದಳು. ಇಬ್ಬರೂ ಬಿದ್ದು ಬಿದ್ದು ನಕ್ಕು, ನಿನ್ನೆಯ ತಣ್ಣನೆಯ ಮೆಕರೋನಿ ಖಾಲಿ ಮಾಡಿದರು. ಡೆಲ್ಫಿನ್ ಹೋಗುತ್ತಾಳೆ. ಆದರೆ ಬಾಗಿಲು ಹಾಕಿಕೊಂಡು ಹೊರಟಾಗ ಕೆಜಾಯಾ ನಗುತ್ತಿರಲಿಲ್ಲ. ಅದನ್ನು ನಾನೊಬ್ಬಳೇ ಕಂಡೆ.

ಸಮುದ್ರದ ಮೇಲಿರುವ ನಿನ್ನನ್ನು ದೇವರು ಅಂಗೈಯಲ್ಲಿಟ್ಟು ಕಾಯಲಿ.

ನಿನ್ನ ಅಮ್ಮ,
ಅರ್ನೆಸ್ಟಿನ್

ಮರೆತಿದ್ದೆ: ಒಂಬತ್ತನೆಯ ತರಗತಿಗೆ ಹೋದ ಮೇಲೂ ಆ ಪರೀಕ್ಷೆ ಇನ್ನೊಮ್ಮೆ ಇದೆಯಂತೆ, ಸೀಟು ಮಾತ್ರ ಬೆರಳೆಣಿಕೆ. ಕೆಜಾಯಾ ಬರೆಯುತ್ತಾಳೆ. ಅವರ ಮನೆಯಲ್ಲಿ ಪುಟ್ಟ ತಮ್ಮಂದಿರ ಗಲಾಟೆ. ಅದಕ್ಕೇ ಓದಿಕೊಳ್ಳಲು ನಿನ್ನ ಕೋಣೆ ಅವಳಿಗೆ ಕೊಟ್ಟೆ, ಮಂಚ ತೆಗೆಸಿ ಮೇಜು ಹಾಕಿಸಿದೆ. ಆಗಸ್ಟಿನಲ್ಲಿ ರಜೆಗೆ ಬಂದಾಗ ನೀನು ನನ್ನ ಪಕ್ಕ ಮಲಗಬೇಕು. ಗೊರಕೆ ಸಹಿಸಿಕೋ.