ಮುಚ್ಚದೆ ಉಳಿದ ಹನ್ನೊಂದು ಬಾಗಿಲು

ಅಘನಾಶಿನಿ ಕಟ್ಟೆ, ಕುಮಟೆ
ಫೆಬ್ರವರಿ ೩೦, ೨೩೧೯

ತಂತ್ರಾಂಶ ಬರೆಯುವ ಹಿರಿಯರೇ,

ಮೇಲಿನ ತಾರೀಖು ನಿಮ್ಮಲ್ಲಿಲ್ಲ ಎಂದು ಬಲ್ಲೆ. ನಾವು ತಿಂಗಳುಗಳನ್ನು ಬೇರೆ ರೀತಿ ಹಂಚಿಕೊಂಡಿದ್ದೇವೆ. ನನ್ನ ಮಾತು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಕ್ಷಮೆ ಕೇಳುವುದು ಅದೊಂದಕ್ಕೆ ಮಾತ್ರ.

ನಾನು ಶಿವಿ ಪಟಗಾರ, ಈ ಕಟ್ಟೆಯ ಕಾಪಿನವಳು. ನಮ್ಮ ಕಾಲಕ್ಕೆ ಕಡಲು ಗದ್ದೆಗಿಂತ ಎತ್ತರದಲ್ಲಿದೆ. ಉಬ್ಬರ ಬಂದಾಗ ಕಟ್ಟೆಯ ಹನ್ನೆರಡು ಬಾಗಿಲುಗಳು ಮುಚ್ಚಬೇಕು, ಇಳಿದಾಗ ತೆರೆಯಬೇಕು. ಅವನ್ನು ನೋಡಿಕೊಳ್ಳುವವರು ಕಾಪಿನವರು. ಬಾಗಿಲುಗಳನ್ನು ನಡೆಸುವ ತಂತ್ರಾಂಶದ ಹೆಸರು ದ್ವಾರಪಾಲ. ಅದರ ಸೆಟ್ಟಿಂಗ್‌ನಲ್ಲಿ ನನ್ನಜ್ಜಿ ಬರೆದಿಟ್ಟ ಒಂದು ಸಾಲಿತ್ತು: ‘ಮುಚ್ಚುವ ಮಟ್ಟ: ೧೪೦’. ನೀರು ನೂರ ನಲವತ್ತು ಸೆಂಟಿಮೀಟರ್ ಮುಟ್ಟಿದರೆ ಬಾಗಿಲು ಬೀಳುತ್ತಿತ್ತು. ಆ ಸಾಲನ್ನು ನಂಬಿ ಹೆಂಗಸರು ಬೆಳಿಗ್ಗೆ ಉಪ್ಪುನೀರು ತಾಳುವ ಕಗ್ಗದ ಭತ್ತದ ಗದ್ದೆಗೆ ಇಳಿಯುತ್ತಿದ್ದರು, ಮಧ್ಯಾಹ್ನ ಕಟ್ಟೆಯ ಮೇಲೆ ಕೂತು ಗಂಜಿ ಉಣ್ಣುತ್ತಿದ್ದರು.

ಒಂದು ಸೋಮವಾರ ಪರದೆಯಲ್ಲಿ ಹೀಗೆ ಬಂತು: ‘ದ್ವಾರಪಾಲ ೯ ಸಿದ್ಧವಾಗಿದೆ. ಕೆಲವು ಸೆಟ್ಟಿಂಗ್‌ಗಳನ್ನು ಸುಧಾರಿಸಲಾಗಿದೆ.’ ನಾನು ‘ಆಗಲಿ’ ಒತ್ತಿದೆ. ಹೊಸ ಆವೃತ್ತಿಯಲ್ಲಿ ಆ ಸಾಲಿನ ಹೆಸರನ್ನು ‘ಭರತದ ಮಿತಿ’, ಅಂದರೆ ಉಬ್ಬರದ ಮಿತಿ, ಎಂದು ಬದಲಿಸಿದ್ದರು. ಹಳೆಯ ಹೆಸರು ಅದಕ್ಕೆ ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲ ಎಂದು ಹೇಳಲೂ ಇಲ್ಲ. ತನ್ನದೇ ಒಂದು ಅಂಕಿ, ಮುನ್ನೂರು, ಇಟ್ಟುಕೊಂಡು ಸುಮ್ಮನಾಯಿತು.

ಎರಡು ದಿನ ನೀರು ನೂರ ನಲವತ್ತು ಮುಟ್ಟಲಿಲ್ಲ. ಮೂರನೆಯ ದಿನ ಹುಣ್ಣಿಮೆ, ದೊಡ್ಡ ಉಬ್ಬರ. ನನ್ನ ಅಕ್ಕ ಗೌರಿ ಆರು ಹೆಂಗಸರೊಂದಿಗೆ ಕೆಳಗಿನ ಗದ್ದೆಯಲ್ಲಿ ಕಳೆ ಕೀಳುತ್ತಿದ್ದಳು.

“ಶಿವೀ, ಬಾಗಿಲು ಮುಚ್ಚಲಿಲ್ವನೇ? ನೀರು ಮೊಣಕಾಲಿಗೆ ಬಂತು!”

ಪರದೆ ನೋಡಿದೆ. ‘ಎಲ್ಲ ಸರಿಯಾಗಿದೆ’ ಎಂದಿತ್ತು. ಓಡಿಹೋಗಿ ಕೈಚಕ್ರ ತಿರುಗಿಸಿದೆ. ಒಂದು ಬಾಗಿಲು ಮುಚ್ಚುವಷ್ಟರಲ್ಲಿ ಉಳಿದ ಹನ್ನೊಂದರಿಂದ ಕಡಲು ಒಳಗೆ ನುಗ್ಗಿತ್ತು. ಏಳು ಜನರಲ್ಲಿ ಒಬ್ಬರೂ ಮೇಲೆ ಬರಲಿಲ್ಲ. ಅಕ್ಕ ಸಿಕ್ಕಿದ್ದು ಮರುದಿನ, ಕಡಲಂಚಿನ ಕಾಂಡ್ಲಾ ಗಿಡಗಳ ಬೇರಿನ ನಡುವೆ.

ಆ ಬದಲಾವಣೆ ಮಾಡಿದವನು ವಿಭವ ಶಿರಾಲಿ. ಅವನನ್ನು ಹುಡುಕಿಕೊಂಡು ಘಟ್ಟ ಹತ್ತಿದೆ. ಮಜ್ಜಿಗೆ ಕೊಟ್ಟು ಕೂರಿಸಿದ.

“ಅಕ್ಕಾ, ಟಿಪ್ಪಣಿಯಲ್ಲಿ ಬರೆದಿದ್ದೆವು. ನಲವತ್ತೊಂದನೆಯ ಸಾಲು. ನೀವು ಓದಬೇಕಿತ್ತು.”

“ಆ ಟಿಪ್ಪಣಿ ಎಲ್ಲಿತ್ತು?”

“ನಮ್ಮ ಹತ್ರ.”

ಕರಾವಳಿಯ ಪಂಚಾಯಿತಿ ಅವನನ್ನು ಸೆರೆಗೆ ಹಾಕುತ್ತೇನೆ ಎಂದಿತು. ಬೇಡವೆಂದೆ. ಕೆಳಗಿನ ಗದ್ದೆಯಲ್ಲಿ ಒಂದು ಗುಡಿಸಲು ಕಟ್ಟಿಸಿ ಅವನನ್ನು ಅಲ್ಲಿ ಇರಿಸಲು ಕೇಳಿಕೊಂಡೆ. ಆರು ವರ್ಷದಿಂದ ಅಲ್ಲಿದ್ದಾನೆ. ದ್ವಾರಪಾಲದ ಪ್ರತಿ ಹೊಸ ಆವೃತ್ತಿಯೂ ಮೊದಲು ಬರುವುದು ಅವನ ಎದುರಿನ ಬಾಗಿಲಿಗೆ. ಪ್ರತಿ ಉಬ್ಬರಕ್ಕೂ ಎದ್ದು ಸೆಟ್ಟಿಂಗ್‌ನ ಒಂದೊಂದು ಸಾಲನ್ನೂ ಬೆರಳಿಟ್ಟು ಓದುತ್ತಾನೆ. ಹೋದ ತಿಂಗಳು ಅವನ ಮಗಳು ಬಂದು ಅತ್ತಳು.

“ಅಮ್ಮಾ, ಅಪ್ಪನ್ನ ಬಿಟ್ಬಿಡಿ. ನೀರಿನ ಸದ್ದು ಕೇಳಿದ್ರೆ ನಡುಗ್ತಾರೆ.”

“ನಡುಗಲಿ,” ಎಂದೆ. ಊಟ ಹಾಕಿ ಕಳಿಸಿದೆ. ಮನಸ್ಸು ಕರಗೀತೆಂದು ಕಾದೆ. ಕರಗಲಿಲ್ಲ.

ಅಷ್ಟಕ್ಕೇ ನನಗೆ ಸಮಾಧಾನವಿಲ್ಲ. ಶಿರಾಲಿಗೆ ಹೇಳದೆ ಬದಲಿಸುವ ಈ ಚಾಳಿ ಕಲಿಸಿದವನಿಗೂ ಒಬ್ಬ ಗುರುವಿದ್ದ. ಆ ಗುರುವಿಗೊಬ್ಬ. ಹಾಗೆ ಹಿಂದೆ ಹಿಂದೆ ಹೋದರೆ ನಿಮ್ಮ ಕಾಲ ಸಿಗುತ್ತದೆ. ‘ಸಣ್ಣಪುಟ್ಟ ಸುಧಾರಣೆಗಳು’ ಎಂದು ಬರೆದು ಕೈತೊಳೆದುಕೊಂಡವರ ಟಿಪ್ಪಣಿಗಳೆಲ್ಲ ನಮ್ಮ ಕಡತದಲ್ಲಿವೆ, ಹೆಸರು ಸಮೇತ. ಕಟ್ಟೆಯ ಒಂದು ಬದಿಗೆ ಏಳು ಹೆಂಗಸರ ಹೆಸರು ಕೆತ್ತಿಸಿದ್ದೇನೆ. ಇನ್ನೊಂದು ಬದಿಗೆ ನಿಮ್ಮವರ ಹೆಸರು ಕೆತ್ತಿಸುತ್ತಿದ್ದೇನೆ. ಶಾಲೆಯ ಮಕ್ಕಳು ಅವನ್ನು ಗಟ್ಟಿಯಾಗಿ ಓದಿ ಉಗುಳಿ ಹೋಗುತ್ತಾರೆ.

ಕೆತ್ತುವವನು ಈಗ ನಿಮ್ಮ ಶತಮಾನಕ್ಕೆ ಬಂದಿದ್ದಾನೆ. ಹಳೆಯ ಹೆಸರು ಯಾವುದು, ಹೊಸದು ಯಾವುದು, ತಿದ್ದದಿದ್ದರೆ ಏನಾಗುತ್ತದೆ ಎಂದು ಬಳಸುವವರ ಕಣ್ಣೆದುರಿಗೇ ಬರೆಯಿರಿ. ಅವರು ಉತ್ತರ ಕೊಡುವ ತನಕ ಏನನ್ನೂ ಬದಲಿಸಬೇಡಿ. ಅಷ್ಟು ಆಗದಿದ್ದರೆ, ನಿಮ್ಮ ಹೆಸರನ್ನಾದರೂ ಕಾಗುಣಿತ ತಪ್ಪದಂತೆ ಬರೆದಿಟ್ಟು ಹೋಗಿ.

ಶಿವಿ ಪಟಗಾರ