ಚಿಪ್ಪಿನ ಸೌಟು

ಮಿಜಾರು
೧೪ ಡಿಸೆಂಬರ್ ೨೦೨೪

ಪಾಣೆಮಂಗಳೂರಿನ ಮನೆಯಲ್ಲಿರುವ ನಿಮಗೆ,

ಇಪ್ಪತ್ತೆರಡು ವರ್ಷ ಸಂಸಾರ ಮಾಡಿದರೂ ನಿಮ್ಮ ಹೆಸರು ಹಿಡಿದು ಬರೆಯಲು ಕೈ ಬರುವುದಿಲ್ಲ. ನಾನು ಕ್ಷೇಮ. ಬೊಗ್ಗಿಯೂ ಕ್ಷೇಮ. ನಾಯಿಯನ್ನು ಕರೆದುಕೊಂಡು ಹೋದಳೆಂದು ನೀವು ಸಿಟ್ಟಾಗಿದ್ದೀರಂತೆ. ಹೆಂಡತಿ ಹೋದದ್ದಕ್ಕೆ ಏನೂ ಹೇಳಲಿಲ್ಲವಂತೆ.

ಸ್ಕೂಟರಿನಿಂದ ಬಿದ್ದು ಎಡಗಾಲು ಸೋತ ಮೇಲೆ ನನಗೆ ಉಳಿದದ್ದು ಒಂದೇ ಆಸೆ. ಯಾರ ತೋಳನ್ನೂ ಹಿಡಿಯದೆ, ಬೊಗ್ಗಿಯ ಜೊತೆ ಹೊಳೆಯ ಬದಿಯವರೆಗೆ ನಡೆದು ಬರುವುದು. ಅಷ್ಟಾದರೆ ಪಾಠ ಮಾಡಲು ಕಾಲೇಜಿಗೂ ಹಿಂದಿರುಗುತ್ತೇನೆ ಎಂದು ನಿಮ್ಮಲ್ಲಿ ಹೇಳಿದ್ದೆ. ನೀವು ತಲೆಯಾಡಿಸಿದಿರಿ. ಬೆಳ್ತಂಗಡಿಯಿಂದ ನಾಯಿ ಪಳಗಿಸುವ ವಾರಿಜಾಕ್ಷಿಯನ್ನು ಕರೆಸಿದ್ದೂ ನೀವೇ.

“ಹಗ್ಗ ಬಿಗಿಯಾದರೆ ನಿಲ್ಲಿ ಟೀಚರೇ, ಸಡಿಲಾದರೆ ನಡೆಯಿರಿ. ನಿಮಗೆ ಬಲ ಬೇಡ, ತಾಳ್ಮೆ ಉಂಟಲ್ಲ” ಎಂದಿದ್ದಳು ಅವಳು. ಕವಿತೆ ಪಾಠ ಮಾಡುವವಳಿಗೆ ಸಾಲು ಸಾಲಿಗೂ ನಿಲ್ಲುವುದು ಹೊಸದಲ್ಲ. ಆದರೆ ನಾನು ಬಗ್ಗಿ ತಿಂಡಿ ಕೊಡುವ ಹಾಗಿಲ್ಲವಲ್ಲ? ಅದಕ್ಕೂ ಅವಳೇ ಉಪಾಯ ಹುಡುಕಿದಳು. ನಮ್ಮ ಅಡುಗೆಮನೆಯ ಉದ್ದ ಹಿಡಿಯ ತೆಂಗಿನ ಚಿಪ್ಪಿನ ಸೌಟಿನಲ್ಲಿ ಒಣಮೀನಿನ ಚೂರು ಹಾಕಿ, ಹಗ್ಗ ಹಿಡಿದ ಕೈಯಲ್ಲೇ ನನ್ನ ಮೊಣಕಾಲಿನ ಪಕ್ಕ ಇಳಿಬಿಡುವುದು. ಪಕ್ಕದಲ್ಲಿ ನಡೆದರೆ ಮೀನು, ಮುಂದೆ ಓಡಿದರೆ ಇಲ್ಲ. ಆಗಸ್ಟ್ ಹೊತ್ತಿಗೆ ಬೊಗ್ಗಿ ನನ್ನ ಊರುಗೋಲಿನ ಹೆಜ್ಜೆಗೇ ಹೆಜ್ಜೆ ಇಡುತ್ತಿದ್ದಳು.

ಸೆಪ್ಟೆಂಬರಿನಲ್ಲಿ ಅವಳು ಮತ್ತೆ ಎಳೆಯತೊಡಗಿದಳು. ನಾನು ಅವಳನ್ನು ಬೈದೆ, ನನ್ನನ್ನೂ ಬೈದುಕೊಂಡೆ. ಫೋನಿನಲ್ಲಿ ವಾರಿಜಾಕ್ಷಿ, “ಯಾರೋ ಇದಕ್ಕೆ ಬೇರೆ ಪಾಠ ಹೇಳ್ತಾ ಇದ್ದಾರೆ” ಎಂದಳು. ಅದನ್ನು ನಿಮಗೆ ಹೇಳಿ ನಕ್ಕೆ. ಚಹಾ ಸೋಸುತ್ತಿದ್ದ ನೀವೂ ನಕ್ಕಿರಿ. ಆ ನಗುವನ್ನು ನಾನಿನ್ನೂ ಮರೆತಿಲ್ಲ.

ಅಕ್ಟೋಬರಿನಲ್ಲಿ ಹೊಳೆಯ ದಾರಿಯ ಅಬ್ದುಲ್ ಸಲಾಂ ಅವರ ಅಂಗಡಿಯೆದುರು, ಬೊಗ್ಗಿ ಎಳೆದ ರಭಸಕ್ಕೆ ಬಿದ್ದೆ. ಎಡಗೈಯ ಮಣಿಕಟ್ಟು ಮುರಿಯಿತು. ಅವರು ಓಡಿಬಂದು ಎಬ್ಬಿಸಿ ಕುಳ್ಳಿರಿಸಿದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳಿದರು: “ಇದಕ್ಕೆ ಓಡುವ ಅಭ್ಯಾಸ ಮಾಡಿಸಿದ್ದು ಯಾಕೆ ಟೀಚರೇ? ಶಶಾಂಕಣ್ಣ ದಿನಾ ಬೆಳಿಗ್ಗೆ ಸೌಟು ಮುಂದೆ ಹಿಡಿದು, ಎಳೆದಷ್ಟೂ ಮೀನು ಕೊಡ್ತಾರೆ. ಎಂಥ ಪಂಥ ಮಾರಾಯ್ರೆ ಅಂತ ನಾನು ತಮಾಷೆ ಮಾಡಿದ್ದೆ.”

ಅದೇ ಸೌಟು. ನಾನು ಫಿಸಿಯೋಥೆರಪಿಗೆ ಹೋಗುತ್ತಿದ್ದ ಹೊತ್ತು.

ಕೇಳಿದಾಗ ನೀವು ಸುಳ್ಳು ಹೇಳಲಿಲ್ಲ. “ಅದು ಎಳೆದರೆ, ಸಾಕು ಅಂತ ನೀನೇ ಬಿಡ್ತಿ ಅಂತ ಗ್ರಹಿಸಿದೆ. ಹೊರಗೆ ಹೋದರೆ ಎಲ್ಲಾದರೂ ಬೀಳ್ತಿ. ಮನೆಯಲ್ಲಿ ನಾನು ಇಲ್ವಾ ಮಾರಾಯ್ತಿ?” ಎಂದಿರಿ. ನಾನು ಬೀಳಬಾರದೆಂದು ನನ್ನನ್ನು ಬೀಳಿಸುವವಳನ್ನು ತಯಾರು ಮಾಡಿದಿರಿ. ಅದೂ ನನ್ನ ಜೊತೆ ನಡೆಯಲು ಕಲಿತ ಒಂದೇ ಜೀವವನ್ನು. ಬೇಡ ಎಂದು ಮುಖಕ್ಕೆ ಹೇಳಿದ್ದರೆ ಜಗಳ ಮಾಡುತ್ತಿದ್ದೆ. ಜಗಳ ನನಗೆ ಹೊಸದಲ್ಲ. ನಾನು ತಾಳ್ಮೆಯಿಂದ ಹೆಣೆದದ್ದನ್ನು ನೀವು ನನ್ನ ಬೆನ್ನ ಹಿಂದೆ ದಿನಾ ಬಿಚ್ಚುತ್ತಿದ್ದಿರಿ.

ಇಲ್ಲಿ ಕಾಲೇಜಿನ ಹತ್ತಿರ ನೆಲಮಹಡಿಯ ಎರಡು ಕೋಣೆ ಸಿಕ್ಕಿದೆ. ಜನವರಿಯಿಂದ ಪಾಠ. ಬೊಗ್ಗಿಗೂ ಮೊದಲಿನಿಂದ ಕಲಿಸುತ್ತಿದ್ದೇನೆ. ಹೊಸ ಸೌಟು ತಂದಿದ್ದೇನೆ. ಹಳೆಯದನ್ನು ನೀವೇ ಇಟ್ಟುಕೊಳ್ಳಿ. ಕರೆದೊಯ್ಯಲು ಬರುವುದು ಬೇಡ.

ದಮಯಂತಿ

ತಾ.ಕ.: ನಿನ್ನೆ ದಾರಿಯಲ್ಲಿ ನಿಮ್ಮ ಸ್ಕೂಟರಿನಂಥದೇ ಸದ್ದು ಕೇಳಿ ಬೊಗ್ಗಿ ಎಳೆದಳು. ಹಗ್ಗ ಬಿಗಿಯಾಯಿತು. ನಾನು ನಿಲ್ಲಬೇಕಿತ್ತು. ನಿಲ್ಲಲಿಲ್ಲ, ಅವಳ ಹಿಂದೆ ಎರಡು ಹೆಜ್ಜೆ ಹೋದೆ. ಇವತ್ತು ಮತ್ತೆ ಮೊದಲ ಪಾಠ, ಇಬ್ಬರಿಗೂ.